ಹಾಸನದ ಹಾಲಿನ ಬಟವಾಡೆ, ಬೆಂಗಳೂರಿನ ಪಿಜಿ ಬಾಡಿಗೆ

ಪ್ರಶ್ನೆ: ಸರ್, ನಮ್ಮದು ಆಲೂರು ತಾಲ್ಲೂಕಿನ ಒಂದು ಹಳ್ಳಿ. ಹಾಸನದಲ್ಲೇ ಇಂಜಿನಿಯರಿಂಗ್ ಓದಿ ಮೂರು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಭಾನುವಾರ ಸಂಜೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ಬೆಂಗಳೂರು ಬಸ್ಸಿಗೆ ಕಾಯುವವರೆಲ್ಲ ನನ್ನ ವಯಸ್ಸಿನವರೇ. ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ಜಿಲ್ಲೆ ನಮ್ಮದು. ಹೈವೇ ಇದೆ, ರೈಲಿದೆ, ಇಸ್ರೋ ಇದೆ, ಮೆಡಿಕಲ್ ಕಾಲೇಜಿದೆ. ಇಷ್ಟಿದ್ದೂ ಒಂದು ಒಳ್ಳೆಯ ಕೆಲಸಕ್ಕೆ ಬೆಂಗಳೂರಿಗೇ ಯಾಕೆ ಹೋಗಬೇಕು? ಬೆಂಗಳೂರು ನಮ್ಮನ್ನು ಸಾಕುತ್ತಿದೆಯೋ, ತಿನ್ನುತ್ತಿದೆಯೋ? ಹಾಸನಕ್ಕೊಂದು ಐಟಿ ಪಾರ್ಕ್ ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಅಪ್ಪ ಹೇಳುತ್ತಾರೆ. ನಿಜವೇ? ನನ್ನಂಥವರು ವಾಪಸ್ ಬಂದು ಬದುಕುವ ಹಾಗೆ ಆಗುವುದು ಯಾವಾಗ?

ಉತ್ತರ:

ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಒಂದು ಡೈರಿ ಪಾಸ್‌ಬುಕ್. ಹಾಸನದಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದಿದ್ದರು. ಎರಡು ಎಚ್‌ಎಫ್ ಹಸು, ಒಂದೂವರೆ ಎಕರೆ ಜಮೀನು. ಮಗ ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದ. ಪಾಸ್‌ಬುಕ್ ಬಿಚ್ಚಿ ತೋರಿಸಿದರು: ಹದಿನೈದು ದಿನಕ್ಕೊಮ್ಮೆ ಹಾಲಿನ ಬಟವಾಡೆ ಬಿದ್ದಿದೆ, ಮಾರನೆಯ ದಿನವೇ ಅಷ್ಟೂ ಹೋಗಿದೆ. ಒಂದು ಬಟವಾಡೆ ಮನೆಗೆ ಮತ್ತು ಹಿಂಡಿ ಬೂಸಕ್ಕೆ, ಇನ್ನೊಂದು ಪೂರ್ತಿ ಮಗನ ಪಿಜಿ ಬಾಡಿಗೆಗೆ. ಎಂಟು ತಿಂಗಳು ಹೀಗೇ ನಡೆದಿತ್ತು. ಅದರ ಮೇಲೆ ಪಿಜಿ ಅಡ್ವಾನ್ಸು, ಕೋಚಿಂಗ್ ಫೀಸು. "ಹಸು ಕೊಡೋ ಹಾಲಲ್ಲಿ ಅರ್ಧ ಬೆಂಗಳೂರಿಗೇ ಹೋಯ್ತದೆ ಸಾ" ಅಂದರು. ಅವರು ಹೇಳಿದ್ದು ಮಗನ ಖರ್ಚಿನ ಮಾತು. ನನಗೆ ಅದು ಇಡೀ ಜಿಲ್ಲೆಯ ಲೆಕ್ಕದ ಹಾಗೆ ಕೇಳಿಸಿತು.

ನಮ್ಮಲ್ಲಿ ಹೆಚ್ಚಿನವರು ಬೆಂಗಳೂರಿಗೆ ಹೋದ ಮಕ್ಕಳು ಊರಿಗೆ ದುಡ್ಡು ಕಳಿಸುತ್ತಾರೆ ಅಂದುಕೊಂಡಿದ್ದಾರೆ. ಕಳಿಸುತ್ತಾರೆ, ಆದರೆ ಅದು ಆಮೇಲಿನ ಮಾತು. ಆ ಮಗು ಹುಟ್ಟಿದಾಗಿನಿಂದ ಇಪ್ಪತ್ತೆರಡು ವರ್ಷ ಸಾಕಿದ್ದು, ಓದಿಸಿದ್ದು, ಕೆಲಸ ಸಿಗುವ ತನಕ ಬಾಡಿಗೆ ಕಟ್ಟಿದ್ದು ಆಲೂರು, ಅರಕಲಗೂಡಿನ ಮನೆಗಳು. ದುಡಿಯುವ ವಯಸ್ಸು ಬಂದ ದಿನ ಆ ದುಡಿಮೆಯ ಲೆಕ್ಕ ಬೆಂಗಳೂರು ನಗರ ಜಿಲ್ಲೆಯ ಖಾತೆಗೆ ಸೇರುತ್ತದೆ. ನಿಮ್ಮ ಸಂಬಳವೂ ಹಾಗೇ. ನಿಮ್ಮ ಬಾಡಿಗೆ, ಊಟ, ಬಸ್ಸು, ಬಟ್ಟೆ ಎಲ್ಲ ಅಲ್ಲೇ ಖರ್ಚಾಗಿ, ಅಲ್ಲಿ ಇನ್ನೂ ಹತ್ತು ಜನಕ್ಕೆ ಕೆಲಸ ಕೊಡುತ್ತದೆ.

ಜನಗಣತಿಯ ಅಂಕಿಗಳಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. 2001ರಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.2 ಲಕ್ಷ ಇತ್ತು, 2011ರಲ್ಲಿ 17.8 ಲಕ್ಷ ಆಯಿತು. ಹತ್ತು ವರ್ಷಕ್ಕೆ ಶೇ 3ರ ಆಸುಪಾಸು ಏರಿಕೆ. ಇಡೀ ರಾಜ್ಯ ಅದೇ ಅವಧಿಯಲ್ಲಿ ಶೇ 15ಕ್ಕಿಂತ ಹೆಚ್ಚು ಬೆಳೆದಿತ್ತು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಜನ ಕಡಿಮೆಯೇ ಆದರು. ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. ಅಂದರೆ ಆ ಹತ್ತು ವರ್ಷದಲ್ಲಿ ಬೆಂಗಳೂರಿಗೆ ಹೊಸದಾಗಿ ಸೇರಿದ ಜನರ ಸಂಖ್ಯೆಯೇ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಒಟ್ಟು ಜನಸಂಖ್ಯೆಗಿಂತ ಹೆಚ್ಚು. ನಮ್ಮಲ್ಲಿ ಜನನ ಪ್ರಮಾಣ ಇಳಿದದ್ದೂ ಒಂದು ಕಾರಣ, ಅದನ್ನು ಮರೆಯಬಾರದು. ಆದರೆ 2011ರಲ್ಲಿ ಹಾಸನದಲ್ಲಿ ಸಾವಿರ ಗಂಡಸರಿಗೆ 1010 ಹೆಂಗಸರು, ಬೆಂಗಳೂರು ನಗರದಲ್ಲಿ 916. ಊರು ಬಿಟ್ಟು ಹೋದವರ ನೆರಳು ಆ ಎರಡು ಸಂಖ್ಯೆಗಳಲ್ಲೂ ಇದೆ.

ದುಡಿಮೆಯ ಲೆಕ್ಕಕ್ಕೆ ಬಂದರೆ, ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಜನಸಂಖ್ಯೆಯಲ್ಲಿ ಅದರ ಪಾಲು ಹೆಚ್ಚುಕಡಿಮೆ ಆರನೇ ಒಂದು. ಎರಡನೇ ಸ್ಥಾನದಲ್ಲಿರುವ ದಕ್ಷಿಣ ಕನ್ನಡದ ಪಾಲು ಒಂದಂಕಿಯಲ್ಲೇ ನಿಂತಿದೆ. ರಾಜಧಾನಿ ಅಂದಮೇಲೆ ಎಲ್ಲ ಕಡೆಯೂ ಹೀಗೇ ತಾನೇ ಎಂದು ಹಲವರು ಕೇಳುತ್ತಾರೆ. ಎಲ್ಲ ಕಡೆಯೂ ಹೀಗಿಲ್ಲ. 2011ರ ಲೆಕ್ಕದಲ್ಲಿ ಬೆಂಗಳೂರು 85 ಲಕ್ಷದ ನಗರವಾದರೆ ಎರಡನೆಯ ಮೈಸೂರು 10 ಲಕ್ಷದ ಒಳಗೆ; ಎಂಟೂವರೆ ಪಟ್ಟು ಅಂತರ. ಚೆನ್ನೈ 86 ಲಕ್ಷ ಇದ್ದಾಗ ಕೊಯಮತ್ತೂರು 21 ಲಕ್ಷ, ಮಧುರೈ 14 ಲಕ್ಷ ದಾಟಿತ್ತು. ಗುಜರಾತಿನಲ್ಲಿ ದೊಡ್ಡ ನಗರ ಅಹಮದಾಬಾದ್ 63 ಲಕ್ಷ, ಸೂರತ್ 45 ಲಕ್ಷ. ಕೊಯಮತ್ತೂರಿನ ಪಂಪ್‌ಸೆಟ್, ತಿರುಪ್ಪೂರಿನ ಬನಿಯನ್, ಸೂರತ್ತಿನ ವಜ್ರ ಮತ್ತು ಸೀರೆ ಇವೆಲ್ಲ ರಾಜಧಾನಿಯ ಅಪ್ಪಣೆ ಕೇಳದೆ ಬೆಳೆದ ಕಸುಬುಗಳು. ನಮ್ಮಲ್ಲಿ ಎರಡನೇ ಸಾಲಿನ ನಗರಗಳೇ ಸೊರಗಿವೆ. ಹಾಸನದ ಕಷ್ಟಕ್ಕೆ ಬೆಂಗಳೂರು ದೊಡ್ಡದಾದದ್ದು ಅರ್ಧ ಕಾರಣವಾದರೆ ಮೈಸೂರು, ಹುಬ್ಬಳ್ಳಿ, ಮಂಗಳೂರು ಸಾಕಷ್ಟು ದೊಡ್ಡದಾಗದೆ ಉಳಿದದ್ದು ಇನ್ನರ್ಧ. ಮೈಸೂರು ನಮಗೆ ಎರಡೂವರೆ ಗಂಟೆಯ ದಾರಿ. ಅಲ್ಲಿ ನಿಮಗೆ ತಕ್ಕ ಕೆಲಸಗಳು ಹತ್ತಾರು ಇದ್ದಿದ್ದರೆ ನಿಮ್ಮ ಭಾನುವಾರದ ಸಂಜೆಗಳೇ ಬೇರೆ ಥರ ಇರುತ್ತಿದ್ದವು.

ಬೆಂಗಳೂರು ಹೀಗೆ ಬೆಳೆದದ್ದು ಹವೆಯಿಂದ, ಜನರ ಬುದ್ಧಿಯಿಂದ ಅಂತ ಹೇಳುವುದು ವಾಡಿಕೆ. ಇತಿಹಾಸ ತೆಗೆದು ನೋಡಿ. 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸಿನ ಬಿಇಎಲ್. ಐಟಿ ಕಂಪನಿಗಳು ಬರುವ ಹೊತ್ತಿಗೆ ಅಲ್ಲಿ ನಲವತ್ತು ವರ್ಷ ಸಾರ್ವಜನಿಕ ಹಣದಿಂದ ತಯಾರಾದ ಇಂಜಿನಿಯರುಗಳು, ತಾಂತ್ರಿಕ ಕೆಲಸಗಾರರು, ಅವರ ಕಾಲೋನಿಗಳು, ಶಾಲೆಗಳು ಸಿದ್ಧವಾಗಿದ್ದವು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಕೂತದ್ದು ಆ ಹದ ಮಾಡಿದ ನೆಲದಲ್ಲಿ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1950ರ ದಶಕದಲ್ಲೇ ಇದನ್ನು ವಿವರಿಸಿದ್ದರು: ಒಮ್ಮೆ ಮುಂದೆ ಹೋದ ಊರು ಸುತ್ತಲಿನ ಊರುಗಳ ಓದಿದವರನ್ನು, ಉಳಿತಾಯವನ್ನು, ವ್ಯಾಪಾರವನ್ನು ಸೆಳೆದುಕೊಂಡು ಇನ್ನಷ್ಟು ಮುಂದೆ ಹೋಗುತ್ತದೆ, ಅದರ ಸಮೃದ್ಧಿ ಸುತ್ತಲಿಗೂ ಹರಡುತ್ತದೆ, ಆದರೆ ಸೆಳೆತದಷ್ಟು ಬಲ ಹರಡುವಿಕೆಗೆ ತಾನಾಗಿ ಬರುವುದಿಲ್ಲ. ಸರ್ಕಾರ ಕೈಹಾಕಿದರೆ ಮಾತ್ರ ಬರುತ್ತದೆ.

ಹಳೆಯ ಮೈಸೂರು ಸಂಸ್ಥಾನಕ್ಕೆ ಈ ತಿಳಿವಳಿಕೆ ಒಂದು ಮಟ್ಟಿಗೆ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಕೆಮ್ಮಣ್ಣುಗುಂಡಿಯ ಅದಿರಿಗೆ ಹತ್ತಿರ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, ಕಬ್ಬಿಗೆ ಹತ್ತಿರ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ. ಸರಕು ಎಲ್ಲಿ ಹುಟ್ಟುತ್ತದೋ ಅಲ್ಲೇ ಅದರ ಮುಂದಿನ ಕೆಲಸ. ಆಮೇಲೆ ನಾವು ಆ ದಾರಿ ಬಿಟ್ಟೆವು.

ಇಲ್ಲಿಗೆ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬಂದೆ. ಹಾಸನ ಬಡ ಜಿಲ್ಲೆ ಅಲ್ಲ. ಕಾಫಿ, ತೆಂಗು, ಆಲೂಗೆಡ್ಡೆ, ಶುಂಠಿ, ಮೆಕ್ಕೆಜೋಳ, ಹಾಲು ಎಲ್ಲ ಇದೆ. ನಮ್ಮಲ್ಲಿ ಹುಟ್ಟಿದ್ದು ನಮ್ಮಲ್ಲಿ ಎಷ್ಟು ಹಂತ ದಾಟಿ ಆಮೇಲೆ ಹೊರಗೆ ಹೋಗುತ್ತದೆ ಅನ್ನುವುದರಲ್ಲಿ ಇದೆ ತೊಂದರೆ.

ಆಲೂಗೆಡ್ಡೆಯನ್ನೇ ತೆಗೆದುಕೊಳ್ಳಿ, ನಿಮ್ಮ ತಂದೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಏಪ್ರಿಲ್ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಯಾರ್ಡಿಗೆ ಪಂಜಾಬಿನ ಜಲಂಧರದಿಂದ ಲಾರಿಗಟ್ಟಲೆ ಬಿತ್ತನೆ ಗೆಡ್ಡೆ ಬರುತ್ತದೆ. ಬಿತ್ತುವ ಬೀಜವೇ ಎರಡು ಸಾವಿರ ಕಿಲೋಮೀಟರಿಗೂ ದೂರದಿಂದ! ರೈತ ಸಾಲ ಮಾಡಿ ಮೂಟೆ ತರುತ್ತಾನೆ, ಮನೆಯ ಹೆಂಗಸರು ಜಗಲಿಯ ಮೇಲೆ ಕೂತು ಪ್ರತಿ ಗೆಡ್ಡೆಯನ್ನೂ ಕಣ್ಣು ನೋಡಿಕೊಂಡು ಎರಡು ಹೋಳು ಮಾಡುತ್ತಾರೆ. ಮುಂಗಾರಿಗೆ ಮುಂಚೆ ಬಿತ್ತನೆ. ಮಳೆ ಹಿಡಿದರೆ ಅಂಗಮಾರಿ ರೋಗ ಬೀಳುತ್ತದೆ. ರಾತ್ರಿ ಹಸಿರಾಗಿದ್ದ ಹೊಲ ಎರಡು ಮೂರು ದಿನದಲ್ಲಿ ಕರಕಲು. ಅದನ್ನು ದಾಟಿ ಬಂದ ಬೆಳೆ ಆಗಸ್ಟ್ ಸೆಪ್ಟೆಂಬರಿನ ಮಳೆಯಲ್ಲೇ ಕೀಳಬೇಕು. ಹಸಿ ಗೆಡ್ಡೆ ಬಹಳ ದಿನ ಇರುವುದಿಲ್ಲ. ಎಲ್ಲರ ಮಾಲೂ ಒಂದೇ ಸಲ ಯಾರ್ಡಿಗೆ ಬರುತ್ತದೆ, ದರ ಬೀಳುತ್ತದೆ, ಖರೀದಿದಾರ ಲಾರಿಗೆ ತುಂಬಿಸಿಕೊಂಡು ಹೊರಡುತ್ತಾನೆ. ತೊಳೆದು, ಗಾತ್ರ ಬೇರೆ ಮಾಡಿ, ಶೈತ್ಯಾಗಾರದಲ್ಲಿಟ್ಟು, ಚಿಪ್ಸ್ ಮಾಡಿ ಮಾರುವ ಹಂತಗಳಲ್ಲಿ ಇರುವ ಲಾಭ ಬೇರೆಲ್ಲೋ ಸೇರುತ್ತದೆ. ಒಂದು ಕಾಲಕ್ಕೆ ರಾಜ್ಯದ ಆಲೂಗೆಡ್ಡೆ ಎಂದರೆ ಹಾಸನ ಎನ್ನುವಷ್ಟಿತ್ತು. ಈಗ ಆ ಹೊಲಗಳಲ್ಲಿ ಹೆಚ್ಚಿನವು ಮೆಕ್ಕೆಜೋಳಕ್ಕೆ, ಶುಂಠಿಗೆ ತಿರುಗಿವೆ. ರೈತ ಸೋಮಾರಿಯಾಗಿ ಬಿಟ್ಟದ್ದಲ್ಲ. ಬೀಜ ಒಬ್ಬರ ಕೈಯಲ್ಲಿ, ದರ ಇನ್ನೊಬ್ಬರ ಕೈಯಲ್ಲಿ, ನಷ್ಟ ಮಾತ್ರ ಪೂರ್ತಿ ತನ್ನದು ಎಂದಾಗ ಬಿಟ್ಟದ್ದು.

ಕಾಫಿಯದೂ ಇದೇ ಕಥೆ, ಸ್ವಲ್ಪ ದೊಡ್ಡವರ ಮನೆಯದು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಅದು ಹೆಚ್ಚುಕಡಿಮೆ ಪೂರ್ತಿ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳಲ್ಲೇ. ಸಕಲೇಶಪುರದ ಬೆಳೆಗಾರ ಹಣ್ಣು ಕೊಯ್ಸಿ, ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ (ಹೊಟ್ಟು ಇರುವ ಬೀಜ) ಮೂಟೆ ಮಾಡುತ್ತಾನೆ. ಆ ಹೊಟ್ಟು ಬಿಡಿಸುವ ಕ್ಯೂರಿಂಗ್ ವರ್ಕ್ಸ್ ತನಕ ಜಿಲ್ಲೆಯಲ್ಲೇ ನಡೆಯುವುದುಂಟು, ಬೀಜ ಆರಿಸುವ ಕೆಲಸ ನಮ್ಮ ಹೆಣ್ಣುಮಕ್ಕಳಿಗೇ ಸಿಗುತ್ತದೆ, ಅಷ್ಟು ಒಳ್ಳೆಯದು. ಅಲ್ಲಿಂದ ಮುಂದಿನದು ನಮ್ಮ ಕೈಯಲ್ಲಿಲ್ಲ. ದರ ತೀರ್ಮಾನ ಆಗುವುದು ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಯಲ್ಲಿ. ಕಾಫಿ ಬೋರ್ಡಿನ ಪ್ರಧಾನ ಕಚೇರಿ ಬೆಂಗಳೂರಿನಲ್ಲಿ. ಹುರಿದು ಪುಡಿ ಮಾಡಿ, ಹೆಸರು ಹಚ್ಚಿ, ಕಪ್ಪಿಗೆ ಇನ್ನೂರು ರೂಪಾಯಿಗೆ ಮಾರುವ ಅಂಗಡಿಗಳೂ ಹೆಚ್ಚಾಗಿ ಬೆಂಗಳೂರಿನಲ್ಲೇ. ಹಣ್ಣಿನ ಬೆಲೆ ಹಾಸನದ ಖಾತೆಗೆ, ಪರಿಮಳದ ಬೆಲೆ ಬೆಂಗಳೂರಿನ ಖಾತೆಗೆ.

ಇದಕ್ಕೆ ಅತ್ಯಂತ ಕಟು ಉದಾಹರಣೆ ಕುದುರೆಮುಖ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಯಿತು. ಅದಿರನ್ನು ನೀರಿನ ಜತೆ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಗಣಿ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಬಂದರು ಮಂಗಳೂರಿನಲ್ಲಿ, ಪ್ರಧಾನ ಕಚೇರಿ ಕೋರಮಂಗಲದಲ್ಲಿ. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಕಾಡಿಗೆ ಅದು ಆಗಬೇಕಾದದ್ದೇ. ನಾನು ಆ ತೀರ್ಪಿನ ಪರ. ಆದರೆ ಗಣಿ ನಿಂತಾಗ ಖಾಲಿಯಾದದ್ದು ಯಾವ ಊರು ನೋಡಿ: ಕುದುರೆಮುಖದ ಟೌನ್‌ಶಿಪ್. ಕಂಪನಿ ಮುಂದುವರಿಯಿತು, ಬೆಂಗಳೂರಿನ ಕಚೇರಿ ಮುಂದುವರಿಯಿತು. ನಿಮ್ಮ ತಂದೆಯವರು ಹೇಳುವ "ಒಂದು ದೊಡ್ಡದು ಬಂದರೆ ಸಾಕು" ಅನ್ನುವ ಮಾತಿಗೆ ನನ್ನ ಹೆದರಿಕೆ ಇದೇ. ಒಂದೇ ಕಂಬದ ಮೇಲೆ ನಿಂತ ಊರಿಗೆ ಆ ಕಂಬ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ.

ಐಟಿ ಪಾರ್ಕಿನ ವಿಚಾರವೂ ಇದರಲ್ಲೇ ಬಂತು. ಕಟ್ಟಡ ಕಟ್ಟಬಹುದು. ಬೆಂಗಳೂರಿನಾಚೆಗೆ ಐಟಿ ಒಯ್ಯುವ ಸರ್ಕಾರದ ಯೋಜನೆಯಲ್ಲೂ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಈ ಕೇಂದ್ರಗಳಿಗೇ ಒತ್ತು, ಅದು ಸರಿಯಾದ ಆಯ್ಕೆಯೇ. ಐಟಿ ಕೆಲಸಗಾರನಿಗೆ ಒಂದು ಕೆಲಸ ಹೋದರೆ ಅದೇ ಊರಿನಲ್ಲಿ ಇನ್ನೊಂದು ಸಿಗಬೇಕು; ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇರಬೇಕು. 2011ರಲ್ಲಿ ಒಂದೂವರೆ ಲಕ್ಷ ಜನರಿದ್ದ ಹಾಸನ ನಗರ ಒಂಟಿಯಾಗಿ ಅದನ್ನು ಕೊಡಲಾರದು. ನಮ್ಮಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಆಕಾಶದಲ್ಲಿರುವ ದೇಶದ ಸಂಪರ್ಕ ಉಪಗ್ರಹಗಳನ್ನು ಹಾಸನದಿಂದ ನಡೆಸುತ್ತಾರೆ, ಹೆಮ್ಮೆಯ ಸಂಗತಿ. ಆದರೆ ಅದರ ಉಪಕರಣ, ಬಿಡಿಭಾಗ, ತಂತ್ರಾಂಶ ಮಾಡುವ ಕಾರ್ಖಾನೆಗಳ ಸಾಲು ಅದರ ಸುತ್ತ ಹುಟ್ಟಲಿಲ್ಲ. ಸಂಸ್ಥೆ ಇಲ್ಲಿದೆ, ಅದರ ಬೇರು ಬೆಂಗಳೂರಿನಲ್ಲಿದೆ. ಅದೇ 2006ರಲ್ಲಿ ಶುರುವಾದ ಮೆಡಿಕಲ್ ಕಾಲೇಜನ್ನು ನೋಡಿ. ಅದರ ಸುತ್ತ ಲ್ಯಾಬುಗಳು, ಮೆಡಿಕಲ್ ಸ್ಟೋರುಗಳು, ಹೋಟೆಲು, ರೂಮುಗಳು, ನರ್ಸಿಂಗ್ ಓದುವ ಹಳ್ಳಿ ಹುಡುಗಿಯರು. ರೋಗಿ ಇಲ್ಲಿಯವರು, ಓದುವವರಲ್ಲಿ ಹಲವರು ಇಲ್ಲಿಯವರು, ಖರ್ಚಾಗುವ ಹಣವೂ ಇಲ್ಲೇ ಸುತ್ತುತ್ತದೆ. ನನ್ನನ್ನು ಕೇಳಿದರೆ ಹಾಸನದಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಊರಿಗೆ ನಿಜವಾಗಿ ಕಚ್ಚಿಕೊಂಡ ಹೂಡಿಕೆ ಅದು.

ರಸ್ತೆ ರೈಲಿನ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮ ರಾಜಕೀಯದಲ್ಲಿ ಅಭಿವೃದ್ಧಿ ಅಂದರೆ ಅವೆರಡೇ ಆಗಿಬಿಟ್ಟಿದೆ. ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಬೆಂಗಳೂರು ರೈಲುಮಾರ್ಗ 1996ರ ಹೊತ್ತಿಗೆ ಮಂಜೂರಾಗಿ 2017ರಲ್ಲಿ ಓಡಿತು. ಬೇಕಿತ್ತು. ಆದರೆ ದಾರಿ ಎರಡೂ ಕಡೆಗೆ ಹರಿಯುತ್ತದೆ. ಮೂರೂವರೆ ಗಂಟೆಯಲ್ಲಿ ಬೆಂಗಳೂರು ತಲುಪುವಂತಾದಾಗ ಮದುವೆ ಜವಳಿಯೂ ಅಲ್ಲೇ, ಮಂಡಿ ನೋವಿನ ಡಾಕ್ಟರೂ ಅಲ್ಲೇ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಬೆಂಗಳೂರಿನ ಟ್ಯಾಕ್ಸಿಯಲ್ಲಿ ಬೆಳಿಗ್ಗೆ ಬಂದು, ನೋಡಿ, ಸಂಜೆ ವಾಪಸ್ ಹೋಗುವವರು ನಮ್ಮಲ್ಲಿ ಬಿಟ್ಟು ಹೋಗುವುದು ಒಂದು ಊಟದ ದುಡ್ಡು. ಇನ್ನೊಂದು ಕಡೆ, ಸಮುದ್ರಕ್ಕೆ ಹೋಗುವ ನಮ್ಮ ದಾರಿ ಪ್ರತಿ ಮಳೆಗಾಲವೂ ದೋಣಿಗಾಲ್ ಹತ್ತಿರ ಕುಸಿಯುತ್ತದೆ, ಶಿರಾಡಿ ಘಾಟಿ ಬಂದ್ ಆಗುತ್ತದೆ. ಮಂಗಳೂರು ಬಂದರು ಬೆಂಗಳೂರಿನಷ್ಟೇ ಹತ್ತಿರ ಇರುವ ಜಿಲ್ಲೆಗೆ ಗಟ್ಟಿಯಾಗಿ ಸಿಕ್ಕಿರುವುದು ರಾಜಧಾನಿಯ ದಾರಿ ಮಾತ್ರ. ಘಾಟಿಯ ದಾರಿ ಗಟ್ಟಿಯಾದರೆ ಕಾಫಿ, ಶುಂಠಿ, ಜವಳಿ ಮಾಡುವವನು ಹಾಸನದಲ್ಲಿ ಕಾರ್ಖಾನೆ ಹಾಕಲು ಒಂದು ಕಾರಣ ಸಿಗುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಪೆಟ್ರೋಲ್ ಕೊಳವೆಯೂ ನಮ್ಮ ನೆಲದಡಿಯಲ್ಲೇ ಹೋಗಿದೆ. ಮಳೆಗೆ ನಿಲ್ಲದೆ ಹರಿಯುತ್ತದೆ.

ನೀರಿನದೂ ಹಾಗೆಯೇ. ಗೊರೂರಿನ ಹೇಮಾವತಿ ಅಣೆಕಟ್ಟಿನಲ್ಲಿ 37 ಟಿಎಂಸಿ ನಿಲ್ಲುತ್ತದೆ, ಮುಳುಗಿದ ಹಳ್ಳಿಗಳು ನಮ್ಮವು, ಕಾಲುವೆಯ ದೊಡ್ಡ ಪಾಲು ತುಮಕೂರು, ಮಂಡ್ಯಕ್ಕೆ. ಸಕಲೇಶಪುರದ ಕಾಡಿನಿಂದ ಎತ್ತಿನಹೊಳೆ ಪೂರ್ವದ ಜಿಲ್ಲೆಗಳ ಕಡೆಗೆ ಹೊರಟಿದೆ. ಕುಡಿಯುವ ನೀರು ಕೊಡಬೇಡಿ ಎಂದು ನಾನು ಹೇಳಲಾರೆ. ಬಯಲುಸೀಮೆಯ ತಾಯಂದಿರ ಕೊಡದ ಕಷ್ಟ ನಮಗೆ ಗೊತ್ತು. ಆದರೆ ಕೊಡುವ ಜಿಲ್ಲೆಗೆ ಪ್ರತಿಯಾಗಿ ಏನು ಎಂಬ ಪ್ರಶ್ನೆಯನ್ನು ಪ್ರತಿ ಯೋಜನೆಯ ಕಡತದಲ್ಲೂ ಕೇಳಬೇಕು.

ಈಗ "ಸಾಕುತ್ತಿದೆಯೋ" ಅನ್ನುವ ಮಾತು. ನ್ಯಾಯವಾಗಿ ಹೇಳಬೇಕೆಂದರೆ, ಸಾಕುತ್ತಲೂ ಇದೆ. ರಾಜ್ಯದ ತೆರಿಗೆಯಲ್ಲಿ ಬಹುಪಾಲು ಸಂಗ್ರಹವಾಗುವುದು ಬೆಂಗಳೂರಿನಲ್ಲಿ. ನಿಮ್ಮ ತಾಯಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ, ಡೈರಿಗೆ ಹಾಕುವ ಹಾಲಿಗೆ ಲೀಟರಿಗೆ ಸಿಗುವ 5 ರೂಪಾಯಿ ಪ್ರೋತ್ಸಾಹಧನದಲ್ಲಿ, ಊರಿನ ಮೇಷ್ಟ್ರ ಸಂಬಳದಲ್ಲಿ ಬೆಂಗಳೂರಿನ ತೆರಿಗೆ ಇದೆ. ಅದನ್ನು ಮರೆತು ಬೈಯುವುದು ಸರಿಯಲ್ಲ. ಆದರೆ ಆ ತೆರಿಗೆ ಅಲ್ಲಿ ಕಟ್ಟಲ್ಪಡುವುದಕ್ಕೆ ಕಂಪನಿಗಳ ಕಚೇರಿ ಅಲ್ಲಿರುವುದೂ ಒಂದು ಕಾರಣ. ದುಡಿದವರು ಎಲ್ಲಿಯವರು ಎಂದು ತೆರಿಗೆ ರಸೀದಿಯಲ್ಲಿ ಬರೆದಿರುವುದಿಲ್ಲ. ಇನ್ನೊಂದು ನಷ್ಟ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ದೊಡ್ಡ ಕಾರಣ, ರಾಜ್ಯದ ತಲಾ ಆದಾಯ ಹೆಚ್ಚು ಎಂಬ ಲೆಕ್ಕ. ಆ ತಲಾ ಆದಾಯ ಯಾರದ್ದು? ಬೆಂಗಳೂರನ್ನು ಕಲಬುರಗಿ, ಯಾದಗಿರಿ, ಅರಕಲಗೂಡಿನ ಜತೆ ಸೇರಿಸಿ ಭಾಗಿಸಿದಾಗ ಬರುವ ಸರಾಸರಿ. ರಾಜಧಾನಿಯ ಶ್ರೀಮಂತಿಕೆಯ ಕಾರಣಕ್ಕೆ ದೆಹಲಿಯಲ್ಲಿ ಕಡಿತ ಆಗುತ್ತದೆ, ಆ ಕಡಿತವನ್ನು ಇಡೀ ರಾಜ್ಯ ಹಂಚಿಕೊಳ್ಳುತ್ತದೆ.

ಚಿಕ್ಕಮಗಳೂರಿನ ತಲಾ ಆದಾಯ ಕಾಗದದ ಮೇಲೆ ಮೇಲಿನ ಸಾಲಿನಲ್ಲೇ ಕಾಣುತ್ತದೆ. ಕಾಫಿಗೆ ಒಳ್ಳೆಯ ದರ ಬಂದ ವರ್ಷ ಇನ್ನೂ ಮೇಲೆ. ಆದರೆ ಎಸ್ಟೇಟಿನ ಮಾಲೀಕ ಮತ್ತು ಲೈನ್ ಮನೆಯ ಕೂಲಿ ಇಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸಿದ ಆದಾಯ ಅದು. ಸರಾಸರಿಯನ್ನು ನಂಬಿ ನೀತಿ ಮಾಡಬಾರದು ಎಂದು ನಾನು ತರಗತಿಯಲ್ಲಿ ವರ್ಷವೂ ಹೇಳುತ್ತಿದ್ದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಅದರ ದೊಡ್ಡ ಉಪಕಾರ ಇದೇ ಆಗಿತ್ತು: ಜಿಲ್ಲೆಯ ಸರಾಸರಿ ಬಿಟ್ಟು ತಾಲ್ಲೂಕುಗಳನ್ನು ಅಳೆಯಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದು ಹೆಸರಿಸಿ, ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ಕಾರ್ಯಕ್ರಮ ಹೇಳಿತು. ಹಣ ಹರಿಯಿತು, ರಸ್ತೆ ಕಟ್ಟಡ ಆದವು. ತಾಲ್ಲೂಕಿನಲ್ಲಿ ಕೂತು ತಾಲ್ಲೂಕಿನ ಬಗ್ಗೆ ತೀರ್ಮಾನ ಮಾಡುವ ಅಧಿಕಾರ ಮಾತ್ರ ಹರಿಯಲಿಲ್ಲ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಆಯಿತು. ಅಳತೆ ಮತ್ತೆ ನಡೆಯುವುದು ಒಳ್ಳೆಯದೇ.

ಅಧಿಕಾರದ ಮಾತು ಎತ್ತಿದ್ದಕ್ಕೆ ಕಾರಣ ಇದೆ. 1987ರಲ್ಲಿ ಆಗಿನ ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ಜಿಲ್ಲಾ ಪರಿಷತ್ತು ಬಂದಾಗ ಜಿಲ್ಲೆಗೊಂದು ಸರ್ಕಾರ ಬಂದ ಹಾಗಿತ್ತು, ಆ ಉತ್ಸಾಹ ನಾನು ಕಣ್ಣಾರೆ ಕಂಡದ್ದು. ಸಂವಿಧಾನದ 74ನೇ ತಿದ್ದುಪಡಿ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕು, ಹಳ್ಳಿ ಮತ್ತು ಪಟ್ಟಣ ಎರಡನ್ನೂ ಸೇರಿಸಿ ಯೋಜನೆ ಮಾಡಬೇಕು ಎಂದು ಹೇಳಿತು. ಈಗ? 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದವು. ಹಾಸನದಲ್ಲಿ ಶೈತ್ಯಾಗಾರ ಎಲ್ಲಿ ಬೇಕು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಎಲ್ಲಿ ಬೇಕು, ಯಾವ ಕೋರ್ಸಿಗೆ ಇಲ್ಲಿ ಕೆಲಸ ಇದೆ ಎಂದು ವಿಧಾನಸೌಧದ ಮೂರನೇ ಮಹಡಿಯಲ್ಲಿ ತೀರ್ಮಾನ ಆದರೆ, ಕಾಂಟ್ರ್ಯಾಕ್ಟರೂ ಅಲ್ಲಿಂದಲೇ ಬರುತ್ತಾನೆ, ಸಲಹೆಗಾರನೂ ಅಲ್ಲಿಂದಲೇ. ದಕ್ಷಿಣ ಕೊರಿಯಾ 2012ರಿಂದ ತನ್ನ ಸಚಿವಾಲಯಗಳನ್ನು ಸೋಲ್‌ನಿಂದ ಸೆಜೋಂಗ್ ಎಂಬ ಹೊಸ ನಗರಕ್ಕೆ ಒಯ್ದಿತು, ಆದರೂ ಅಲ್ಲಿಯ ಅರ್ಧ ಜನ ಇವತ್ತಿಗೂ ಸೋಲ್ ಸುತ್ತಲೇ ಇದ್ದಾರೆ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಕಟ್ಟಿ ವರ್ಷಕ್ಕೆರಡು ವಾರ ಅಧಿವೇಶನ ಮಾಡಿದರೆ ಏನಾದೀತು ಎಂದು ಇದರಿಂದ ಊಹಿಸಬಹುದು. ಕಟ್ಟಡದ ಜತೆ ಕಡತ, ಸಹಿ, ಬಜೆಟ್ಟು ಎಲ್ಲ ಹೋಗಬೇಕು.

ಇನ್ನು ಹೊಸದೊಂದು ಸೆಳೆತ ಸೇರಿಕೊಂಡಿದೆ, ಅದನ್ನು ಬಿಟ್ಟರೆ ಉತ್ತರ ಪೂರ್ತಿ ಆಗದು. ಬೆಂಗಳೂರಿನ ಹಣ ಈಗ ನಮ್ಮ ಕಡೆಗೂ ಬರುತ್ತಿದೆ, ಆದರೆ ಭೂಮಿಯ ರೂಪದಲ್ಲಿ. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದ ಮೇಲೆ ಸಕಲೇಶಪುರ, ಮೂಡಿಗೆರೆ ಕಡೆ ತೋಟ, ಹೋಂಸ್ಟೇ ಜಾಗ ಹುಡುಕಿಕೊಂಡು ಬರುವವರು ಹೆಚ್ಚಿದ್ದಾರೆ. ಮಾರಿದವನಿಗೆ ಒಂದು ಸಲ ದುಡ್ಡು. ಪಕ್ಕದಲ್ಲಿ ಕೃಷಿ ಮಾಡಬೇಕೆಂದು ಎರಡು ಎಕರೆ ಕೊಳ್ಳಲು ಹೊರಟ ಸ್ಥಳೀಯ ಹುಡುಗನಿಗೆ ಆ ದರ ಎಟುಕುವುದಿಲ್ಲ. ಆಲೂಗೆಡ್ಡೆ, ಮೆಣಸು, ಹಾಲು ಯಾವುದರಲ್ಲೂ ಆ ಬೆಲೆಗೆ ಬಡ್ಡಿಯೂ ಹುಟ್ಟದು. ವಾಪಸ್ ಬರಬೇಕು ಅನ್ನುವ ನಿಮ್ಮಂಥವರ ದಾರಿಗೆ ದೊಡ್ಡ ಅಡ್ಡಗೋಡೆ ಇದೇ ಎಂದು ನನಗನಿಸುತ್ತದೆ.

ಹಾಗಾದರೆ ಏನು ಮಾಡುವುದು? ನನ್ನ ಉತ್ತರ ಒಂದೇ, ಪ್ರತಿ ಸರಕಿಗೂ ಒಂದು ಹಂತ ಹೆಚ್ಚು ಜಿಲ್ಲೆಯಲ್ಲೇ ಉಳಿಯಬೇಕು. ಹಾಲಿನಲ್ಲಿ ನಾವು ಅದನ್ನು ಮಾಡಿ ತೋರಿಸಿದ್ದೇವೆ. ಹಳ್ಳಿಯ ಸಂಘ, ಹಾಸನದ ಒಕ್ಕೂಟ, ಅಲ್ಲೇ ಪ್ಯಾಕೆಟ್ಟು, ಐಸ್‌ಕ್ರೀಮು. ಹೊಲದಲ್ಲಿ ಬೆಳೆ ಹೋದ ವರ್ಷವೂ ಆ ಪಾಸ್‌ಬುಕ್ಕಿನಲ್ಲಿ ಹದಿನೈದು ದಿನಕ್ಕೊಮ್ಮೆ ಹಣ ಬಿದ್ದದ್ದು ಅದಕ್ಕೇ. ಆ ಒಕ್ಕೂಟದಲ್ಲಿ ರಾಜಕೀಯ ಇದೆ, ನನಗೂ ಗೊತ್ತು. ಆದರೂ ಲೀಟರಿನ ಬೆಲೆಯ ದೊಡ್ಡ ಪಾಲು ಹಾಲು ಕರೆದವರಿಗೆ ಸೇರುತ್ತದೆ.

ನಿಮ್ಮ ಬಗ್ಗೆ ಹೇಳುವುದಾದರೆ, ಊರಿನ ಋಣ ತೀರಿಸಲು ಎಂದು ಕೆಲಸ ಬಿಟ್ಟು ಬರಬೇಡಿ. ಕಲಿಯಲು ಬೆಂಗಳೂರಿಗಿಂತ ಒಳ್ಳೆಯ ಜಾಗ ಈಗ ನಮ್ಮಲ್ಲಿಲ್ಲ. ಆದರೆ ಕಣ್ಣು ಇತ್ತ ಇರಲಿ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಕೆಲವು ವರ್ಷಗಳಿಂದ ಆಲೂಗೆಡ್ಡೆಯ ಕುಡಿಗೆ ಬೇರು ಬರಿಸಿ ಸಸಿ ಮಾಡುವ ವಿಧಾನವನ್ನು ರೈತರಿಗೆ ಕಲಿಸುತ್ತಿದ್ದಾರೆ. ನೆರಳುಪರದೆಯ ಕೆಳಗೆ ಟ್ರೇಗಳಲ್ಲಿ ಸಸಿ ಬೆಳೆಸಿ, ಅದರಿಂದ ರೋಗವಿಲ್ಲದ ಬಿತ್ತನೆ ಗೆಡ್ಡೆಯನ್ನು ಇಲ್ಲೇ ಮಾಡಿಕೊಳ್ಳುವ ಕೆಲಸ. ಇದಕ್ಕೆ ನರ್ಸರಿ ನಡೆಸುವವರು ಬೇಕು, ಉಷ್ಣತೆ ತೇವಾಂಶ ನೋಡಿಕೊಳ್ಳುವ ಉಪಕರಣ ಕೂರಿಸುವವರು ಬೇಕು, ಶೈತ್ಯಾಗಾರದ ಲೆಕ್ಕ ಇಡುವವರು ಬೇಕು, ರೈತರ ಕಂಪನಿಗೆ ಬ್ಯಾಂಕಿನ ಮುಂದೆ ಕೂತು ಮಾತಾಡುವವರು ಬೇಕು. ಇಂಜಿನಿಯರಿಂಗ್ ಓದಿದ ಹಳ್ಳಿಯ ಹುಡುಗಿಗೆ ತಕ್ಕ ಕೆಲಸ ಇದು. ಮುಂದಿನ ಸಲ ಊರಿಗೆ ಬಂದಾಗ ಭಾನುವಾರದ ಬದಲು ಸೋಮವಾರ ಸಂಜೆಯ ಬಸ್ಸು ಹಿಡಿಯಿರಿ, ಬೆಳಿಗ್ಗೆ ತಂದೆಯವರನ್ನೂ ಕರೆದುಕೊಂಡು ಆ ಕೇಂದ್ರಕ್ಕೆ ಹೋಗಿ ಬನ್ನಿ. ಬಿತ್ತನೆಗೆ ಮುಂಚೆ, ಜನವರಿ ಫೆಬ್ರವರಿಯಲ್ಲಿ ಹೋದರೆ ಅವರ ಬಳಿ ಮಾತಾಡಲು ಸಮಯವೂ ಇರುತ್ತದೆ.